ಗೇಟಿದ್ದರೂ ಗೋಡೆ ದಾಟಿಸಿದರು: ಹೆರೆಫರ್ಡ್ ಬಿಷಪ್ ಅವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಬಿಷಪ್ ಅವರು,
ಹೆರೆಫರ್ಡ್ ಡಯಾಸಿಸ್, ಚರ್ಚ್ ಆಫ್ ಇಂಗ್ಲೆಂಡ್

ವಿಷಯ: ಪೀಟರ್‌ಚರ್ಚ್ ಊರಿನಲ್ಲಿರುವ ಸೈನಿಕ ರಾಬರ್ಟ್ ಜೋನ್ಸ್ ಸಮಾಧಿಯ ಬಗ್ಗೆ

ಮಾನ್ಯರೇ,

ನಿಮ್ಮ ವ್ಯಾಪ್ತಿಗೆ ಬರುವ ಪೀಟರ್‌ಚರ್ಚ್‌ನ ಚರ್ಚ್ ಅಂಗಳದಲ್ಲಿ ಒಂದು ಸಮಾಧಿ ಕಲ್ಲು ಉಳಿದ ಕಲ್ಲುಗಳಿಗೆ ಬೆನ್ನು ಹಾಕಿ ನಿಂತಿದೆ. ಅದು ರಾಬರ್ಟ್ ಜೋನ್ಸ್ ಅವರ ಕಲ್ಲು. ಬ್ರಿಟನ್ ಕೊಡುವ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದವರು. 1898ರ ಸೆಪ್ಟೆಂಬರ್ 6ರಂದು, 41ನೇ ವಯಸ್ಸಿನಲ್ಲಿ ತೀರಿಕೊಂಡರು. ಆತ್ಮಹತ್ಯೆ ಅಂತ ತೀರ್ಮಾನವಾಯಿತು. ಅದಕ್ಕೇ ಶವಪೆಟ್ಟಿಗೆಯನ್ನು ಗೇಟಿನಿಂದ ಒಳಗೆ ತರಲು ಬಿಡಲಿಲ್ಲ, ಗೋಡೆಯ ಮೇಲಿಂದ ದಾಟಿಸಿದರು, ಕಲ್ಲನ್ನೂ ತಿರುಗಿಸಿ ನಿಲ್ಲಿಸಿದರು ಅಂತ ಇಂದಿಗೂ ಹೇಳುತ್ತಾರೆ.

ನಾನು ಕರ್ನಾಟಕದವಳು. ನರ್ಸ್ ಆಗಿ ಕೆಲಸ ಮಾಡಲು ಈ ದೇಶಕ್ಕೆ ಬಂದವಳು. ನಿಮ್ಮ ಧರ್ಮದವಳಲ್ಲ, ಸೇನೆಯ ಮನೆತನದವಳೂ ಅಲ್ಲ. ನಿನಗ್ಯಾಕೆ ಈ ಉಸಾಬರಿ ಅಂತ ಯಾರಾದರೂ ಕೇಳಬಹುದು, ಕೇಳಲಿ. ಈ ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಅಂಚೆಯಲ್ಲಿ ಬರುತ್ತದೆ. ಇಲ್ಲಿ ಕನ್ನಡದಲ್ಲಿ ಹಾಕುತ್ತಿರುವುದು ನಮ್ಮವರೂ ಓದಲಿ ಅಂತ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಆತ ಯಾರು ಅನ್ನುವುದು. ನಿಮಗೆ ಗೊತ್ತಿರುತ್ತದೆ, ನಮ್ಮ ಓದುಗರಿಗೆ ಗೊತ್ತಿರಲಿಕ್ಕಿಲ್ಲ.

ರಾಬರ್ಟ್ ಜೋನ್ಸ್ ಹುಟ್ಟಿದ್ದು 1857ರಲ್ಲಿ, ವೇಲ್ಸಿನ ಮಾನ್‌ಮತ್‌ಶೈರ್‌ನಲ್ಲಿ, ರಾಗ್ಲನ್ ಹತ್ತಿರದ ಕ್ಲೈತಾ ಅನ್ನುವ ಹಳ್ಳಿಯಲ್ಲಿ. ಇನ್ನೂ ಇಪ್ಪತ್ತು ತುಂಬುವ ಮೊದಲೇ ಸೈನ್ಯ ಸೇರಿದ. 24ನೇ ರೆಜಿಮೆಂಟಿನ ಎರಡನೇ ಬೆಟಾಲಿಯನ್, ಬಿ ಕಂಪನಿ. ಅಲ್ಲಿಂದ ದಕ್ಷಿಣ ಆಫ್ರಿಕಾ. 1879ರ ಜನವರಿ 11ರಂದು ಬ್ರಿಟಿಷ್ ಸೈನ್ಯ ಜುಲು ರಾಜ್ಯದ ಮೇಲೆ ನುಗ್ಗಿತು. ಒಪ್ಪಿಕೊಳ್ಳಲು ಸಾಧ್ಯವೇ ಇಲ್ಲದಂಥ ಷರತ್ತುಗಳನ್ನು ರಾಜ ಸೆಟ್‌ಶ್ವಾಯೊ ಮುಂದಿಟ್ಟು ಈ ಯುದ್ಧಕ್ಕೆ ದಾರಿ ಮಾಡಿದವನು ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷ್ ಹೈಕಮಿಷನರ್ ಆಗಿದ್ದ ಬಾರ್ಟಲ್ ಫ್ರಿಯರ್. ಈ ಫ್ರಿಯರ್ ನಮಗೆ ಹೊಸಬನಲ್ಲ. 1862ರಿಂದ 1867ರವರೆಗೆ ಬಾಂಬೆ ಗವರ್ನರ್ ಆಗಿದ್ದವನು, ಅಂದರೆ ಧಾರವಾಡ, ಬೆಳಗಾವಿಯ ನಮ್ಮ ಹಿರಿಯರನ್ನೂ ಆಳಿದವನು. ಹಾಗಾಗಿ ಜುಲು ಜನರ ಮೇಲೆ ನಡೆದದ್ದು ದಾಳಿ ಅನ್ನುವುದನ್ನು ನಾನು ಮುಚ್ಚಿಟ್ಟು ಬರೆಯಲಾರೆ. ಅವರು ತಮ್ಮ ನೆಲ ಉಳಿಸಿಕೊಳ್ಳಲು ಹೋರಾಡಿದರು. ಜೋನ್ಸ್ ಥರದ ಬಡ ಹುಡುಗರನ್ನು ಸರ್ಕಾರ ಅಲ್ಲಿಗೆ ಕಳಿಸಿತ್ತು. ಎರಡೂ ನಿಜ.

ಜನವರಿ 22ರಂದು ಇಸಾಂಡ್ಲ್‌ವಾನಾ ಬೆಟ್ಟದ ಬುಡದಲ್ಲಿ ಜುಲು ಸೈನ್ಯ ಬ್ರಿಟಿಷ್ ಶಿಬಿರವನ್ನು ಪೂರ್ತಿ ಅಳಿಸಿಹಾಕಿತು. ಸುಮಾರು 1,300 ಜನ ಸತ್ತರು. ಅದೇ ದಿನ ಮಧ್ಯಾಹ್ನದ ಮೇಲೆ ಮೂರ್ನಾಲ್ಕು ಸಾವಿರ ಜುಲು ಯೋಧರು ನದಿ ದಾಟಿ ರೋರ್ಕ್ಸ್ ಡ್ರಿಫ್ಟ್ ಕಡೆ ಬಂದರು. ಅದು ಒಂದು ಪುಟ್ಟ ಮಿಷನ್ ಠಾಣೆ. ಎರಡೇ ಕಟ್ಟಡ: ಒಂದು ಉಗ್ರಾಣ, ಇನ್ನೊಂದು ಹುಲ್ಲು ಹೊದಿಸಿದ ಆಸ್ಪತ್ರೆ. ಕಾವಲಿಗಿದ್ದವರು ಸುಮಾರು 150 ಜನ. ಮೆಕ್ಕೆಜೋಳದ ಮೂಟೆ, ಬಿಸ್ಕತ್ ಪೆಟ್ಟಿಗೆ ಒಟ್ಟಿ ಗೋಡೆ ಮಾಡಿಕೊಂಡರು. ಆಸ್ಪತ್ರೆಯಲ್ಲಿದ್ದ ರೋಗಿಗಳನ್ನು ಮಾತ್ರ ಅಲ್ಲೇ ಬಿಟ್ಟು, ಕೆಲವೇ ಸೈನಿಕರನ್ನು ಅವರ ಜೊತೆ ಒಳಗೆ ಇರಿಸಿದರು.

ಗುಡ್ಡದ ಕಡೆ ಮುಖ ಮಾಡಿದ್ದ ಒಂದು ಕೋಣೆ. ಒಳಗೆ ಏಳು ರೋಗಿಗಳು. ಅವರಿಗೆ ಕಾವಲು ಇಬ್ಬರು: ರಾಬರ್ಟ್ ಜೋನ್ಸ್, ವಿಲಿಯಂ ಜೋನ್ಸ್. ಹೆಸರು ಒಂದೇ ಅಷ್ಟೆ, ಸಂಬಂಧಿಕರಲ್ಲ. ಮಾಡಿಗೆ ಬೆಂಕಿ ಬಿತ್ತು. ಇಬ್ಬರೂ ಬಾಗಿಲಲ್ಲಿ ಬಯೋನೆಟ್ ಅಡ್ಡ ಹಿಡಿದು ನಿಂತರು. ಬಾಗಿಲು ಹೆಣಗಳಿಂದ ತುಂಬುವವರೆಗೂ ಇರಿದದ್ದನ್ನು ರಾಬರ್ಟ್ ಜೋನ್ಸ್ ಆಮೇಲೆ ಒಂದು ಪತ್ರಿಕೆಗೆ ತಾನೇ ಹೇಳಿದ್ದಾನೆ. ಅಷ್ಟರಲ್ಲಿ ಮೂರು ಈಟಿ ಗಾಯ ಆಗಿತ್ತು, ಬಲ ಪಕ್ಕೆಗೆ ಎರಡು, ಎಡಕ್ಕೆ ಒಂದು. ಏಳರಲ್ಲಿ ಆರು ರೋಗಿಗಳನ್ನು ಹೊರಗೆ ಸಾಗಿಸಿದರು.

ಏಳನೆಯವನು ಸಾರ್ಜೆಂಟ್ ಮ್ಯಾಕ್ಸ್‌ಫೀಲ್ಡ್. ಜ್ವರ ತಲೆಗೇರಿ ಬಡಬಡಿಸುತ್ತಿದ್ದ. ಇವರು ಆತನಿಗೆ ಬಟ್ಟೆ ತೊಡಿಸಿಯೂ ಆಗಿತ್ತು. ಆದರೆ ಏನು ಮಾಡಿದರೂ ಅಲ್ಲಾಡಲಿಲ್ಲ. ಕೊನೆಗೆ ಹೇಗಾದರೂ ಎತ್ತಿಕೊಂಡು ಬರೋಣ ಅಂತ ರಾಬರ್ಟ್ ಜೋನ್ಸ್ ವಾಪಸ್ ಹೋದ. ಹೋಗಿ ನೋಡಿದರೆ ಹಾಸಿಗೆಯ ಮೇಲೇ ಆತನನ್ನು ಇರಿಯುತ್ತಿದ್ದರು. ಇದನ್ನು ನಾನು ಕಥೆ ಕಟ್ಟಿ ಹೇಳುತ್ತಿಲ್ಲ, ಪದಕ ಕೊಟ್ಟಾಗಿನ ಸರ್ಕಾರಿ ಪ್ರಕಟಣೆಯಲ್ಲೇ ಹೀಗಿದೆ.

ಮಾನ್ಯರೇ, ಈ ಬಟ್ಟೆ ತೊಡಿಸಿದ ಮಾತು ಓದಿದಾಗ ನಾನು ಅಲ್ಲೇ ನಿಂತೆ. ಜ್ವರದಲ್ಲಿ ಬಡಬಡಿಸುವ ರೋಗಿಗೆ ಬಟ್ಟೆ ಹಾಕುವುದು ಎಂಥ ಕಷ್ಟ ಅಂತ ವಾರ್ಡಿನಲ್ಲಿ ರಾತ್ರಿ ಪಾಳಿ ಮಾಡಿದವರಿಗೆ ಗೊತ್ತು. ಒಂದು ತೋಳು ತೂರಿಸುವಷ್ಟರಲ್ಲಿ ಇನ್ನೊಂದು ತೋಳು ಕಿತ್ತು ಹಾಕಿರುತ್ತಾರೆ. ನಾವು ಯಾರು ಅಂತ ಗೊತ್ತಾಗುವುದಿಲ್ಲ, ಹೊಡೆಯುತ್ತಾರೆ, ಬೈಯುತ್ತಾರೆ, ಮಂಚದ ಕಂಬಿ ಗಟ್ಟಿಯಾಗಿ ಹಿಡಿದು ಬಿಡುವುದೇ ಇಲ್ಲ. ಕೈಯಲ್ಲಿ ಟೈಮ್ ಇದ್ದಾಗಲೂ ಇಬ್ಬರು ಬೇಕು. ಮಾಡು ಉರಿಯುತ್ತಿರುವಾಗ, ಬಾಗಿಲಲ್ಲಿ ಕೊಲ್ಲಲು ಬಂದವರು ನಿಂತಿರುವಾಗ, ಮೈಯಿಂದ ರಕ್ತ ಸೋರುತ್ತಿರುವಾಗ 21 ವರ್ಷದ ಹುಡುಗನೊಬ್ಬ ಆ ಕೆಲಸ ಮಾಡಿದ್ದಾನೆ. ಮಾಡಿಯೂ ಆತನನ್ನು ಉಳಿಸಿಕೊಳ್ಳಲು ಆಗಲಿಲ್ಲ. ಉಳಿಸಿದ ಆರು ಜನ ನೆನಪಿರುತ್ತಾರೋ ಇಲ್ಲವೋ, ಕೈತಪ್ಪಿದ ಒಬ್ಬ ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ. ಇದು ನನ್ನ ಅನುಭವದ ಮಾತು, ಆತನ ತಲೆಯಲ್ಲಿ ಇದ್ದದ್ದೂ ಇದೇ ಅಂತ ಸಾಧಿಸಲು ನಾನು ಹೊರಟಿಲ್ಲ.

ಆ ರಾತ್ರಿಯ ಕಾಳಗಕ್ಕೆ 11 ವಿಕ್ಟೋರಿಯಾ ಕ್ರಾಸ್ ಸಿಕ್ಕವು. ಬ್ರಿಟಿಷರ ಕಡೆ ಸತ್ತವರು 17. ಜುಲುಗಳ ಕಡೆ 350ಕ್ಕೂ ಜಾಸ್ತಿ ಹೆಣಗಳನ್ನು ಗುಂಡಿ ತೋಡಿ ಹೂಳಿದರು. ಗಾಯಗೊಂಡು ಬಿದ್ದಿದ್ದ ಜುಲುಗಳನ್ನು ಮರುದಿನ ಕೊಂದರು ಅನ್ನುವುದೂ ದಾಖಲೆಯಲ್ಲಿದೆ. ಅವರಿಗೆ ಯಾವ ಗೇಟೂ ಇರಲಿಲ್ಲ, ಹೆಸರು ಕೆತ್ತಿದ ಕಲ್ಲೂ ಇರಲಿಲ್ಲ.

ಜೋನ್ಸ್ ಸೈನ್ಯ ಬಿಟ್ಟು ಬಂದು ಹೆರೆಫರ್ಡ್‌ಶೈರ್‌ನಲ್ಲಿ ನೆಲೆಸಿದ. ಮದುವೆಯಾಯಿತು, ಐದು ಮಕ್ಕಳಾದರು. ಪೀಟರ್‌ಚರ್ಚ್‌ನಲ್ಲಿ ಒಬ್ಬ ನಿವೃತ್ತ ಮೇಜರ್ ಮನೆಯಲ್ಲಿ ಕೂಲಿ ಕೆಲಸ. ಅಧಿಕಾರಿಯಲ್ಲದ ಸೈನಿಕನಿಗೆ ವಿಕ್ಟೋರಿಯಾ ಕ್ರಾಸ್ ಜೊತೆ ಬರುತ್ತಿದ್ದದ್ದು ವರ್ಷಕ್ಕೆ 10 ಪೌಂಡ್. ರಾತ್ರಿ ಕೆಟ್ಟ ಕನಸುಗಳು ಬೀಳುತ್ತಿದ್ದವಂತೆ. 1898ರ ಬೇಸಿಗೆಯಲ್ಲಿ ಆರೋಗ್ಯ ಕೆಟ್ಟಿತ್ತು. ಸೆಪ್ಟೆಂಬರ್ 6ರಂದು ಕಾಗೆ ಹೊಡೆಯಬೇಕು ಅಂತ ಮಾಲೀಕರ ಬಂದೂಕು ಕೇಳಿ ಪಡೆದು ತೋಟಕ್ಕೆ ಹೋದ. ವಾಪಸ್ ಬರಲಿಲ್ಲ.

ಅದೇ ಕೋಣೆಯಲ್ಲಿದ್ದ ವಿಲಿಯಂ ಜೋನ್ಸ್ ಕಥೆಯನ್ನೂ ಹೇಳಿಬಿಡುತ್ತೇನೆ. ಬಡತನ ತಾಳಲಾರದೆ ಪದಕವನ್ನೇ ಅಡವಿಟ್ಟ. ಮುದುಕನಾದ ಮೇಲೂ ಜುಲುಗಳು ಬಂದರು ಅಂತ ರಾತ್ರಿ ಎದ್ದು, ಮೊಮ್ಮಗಳನ್ನು ಎತ್ತಿಕೊಂಡು ಮನೆಬಿಟ್ಟು ಓಡುತ್ತಿದ್ದನಂತೆ. 1913ರಲ್ಲಿ ತೀರಿಕೊಂಡಾಗ ಮ್ಯಾಂಚೆಸ್ಟರ್‌ನ ಫಿಲಿಪ್ಸ್ ಪಾರ್ಕ್ ಸ್ಮಶಾನದಲ್ಲಿ ಬಡವರ ಸಾಮೂಹಿಕ ಗುಂಡಿಯಲ್ಲಿ ಹೂಳಿದರು. ಒಂದೇ ಕೋಣೆ, ಒಂದೇ ರಾತ್ರಿ, ಇಬ್ಬರನ್ನೂ ಅದು ಬಿಡಲಿಲ್ಲ. ಈಗಿನ ಡಾಕ್ಟರು ಇದಕ್ಕೆ ಪಿಟಿಎಸ್‌ಡಿ, ಅಂದರೆ ಭೀಕರ ಅನುಭವದ ಆಘಾತ ಮನಸ್ಸನ್ನು ಬಿಡದೆ ಕಾಡುವ ಕಾಯಿಲೆ, ಅನ್ನುತ್ತಿದ್ದರೇನೋ. ಆಗ ಆ ಹೆಸರೇ ಇರಲಿಲ್ಲ, ವೈದ್ಯರ ಪುಸ್ತಕಕ್ಕೆ ಅದು ಬಂದದ್ದೇ 1980ರಲ್ಲಿ.

ಇನ್ನೊಂದು ಕಡೆ ನೋಡಿ. ರೋರ್ಕ್ಸ್ ಡ್ರಿಫ್ಟ್‌ನಲ್ಲಿ ಇವರ ಮೇಲಧಿಕಾರಿಯಾಗಿದ್ದ ಜಾನ್ ಚಾರ್ಡ್ ತೀರಿಕೊಂಡದ್ದು 1897ರ ನವೆಂಬರ್‌ನಲ್ಲಿ, ಜೋನ್ಸ್‌ಗಿಂತ ಹತ್ತು ತಿಂಗಳು ಮೊದಲು. ಸಾಮರ್ಸೆಟ್‌ನ ಹ್ಯಾಚ್ ಬೋಶಮ್ ಊರಿನ ಚರ್ಚ್ ಅಂಗಳದಲ್ಲಿ ಮಣ್ಣು ಮಾಡಿದಾಗ ವಿಕ್ಟೋರಿಯಾ ರಾಣಿಯೇ ಹೂಚಕ್ರ ಕಳಿಸಿದ್ದರು. ಚಾರ್ಡ್‌ಗೆ ಕ್ಯಾನ್ಸರ್ ಆಗಿತ್ತು. ಜೋನ್ಸ್‌ಗೂ ಕಾಯಿಲೆಯೇ ಆಗಿತ್ತು. ಒಂದು ಕಾಯಿಲೆಗೆ ರಾಣಿಯ ಹೂವು, ಇನ್ನೊಂದಕ್ಕೆ ಗೋಡೆ.

ಈಗ ನನ್ನ ದೂರಿಗೆ ಬರುತ್ತೇನೆ.

ಆತ್ಮಹತ್ಯೆ ಮಾಡಿಕೊಂಡವರಿಗೆ ನಿಮ್ಮ ಪ್ರಾರ್ಥನಾ ಪುಸ್ತಕದ ಅಂತ್ಯಕ್ರಿಯೆ ವಿಧಿ ಸಲ್ಲದು ಅಂತ ಹಳೆಯ ನಿಯಮ ಇತ್ತು, ಒಪ್ಪಿದೆ. 1823ಕ್ಕಿಂತ ಮೊದಲಂತೂ ಅಂಥವರನ್ನು ರಸ್ತೆ ಕೂಡುವ ಜಾಗದಲ್ಲಿ ಎದೆಗೆ ಗೂಟ ಹೊಡೆದು ಹೂಳುತ್ತಿದ್ದರು. ಆ ವರ್ಷದ ಕಾಯ್ದೆ ಅದನ್ನು ನಿಲ್ಲಿಸಿ, ರಾತ್ರಿ 9ರಿಂದ 12ರ ಒಳಗೆ ಹೂಳಿ ಅಂದಿತು. 1882ರ ಕಾಯ್ದೆ ಆ ಹೊತ್ತಿನ ಕಟ್ಟುಪಾಡನ್ನೂ ತೆಗೆದುಹಾಕಿತು. ಅಂದರೆ ಜೋನ್ಸ್ ಸಾಯುವ 16 ವರ್ಷ ಮೊದಲೇ ಹಗಲು ಹೊತ್ತಿನಲ್ಲಿ ಎಲ್ಲರಂತೆ ಹೂಳಲು ಕಾನೂನಿನ ಅಡ್ಡಿ ಇರಲಿಲ್ಲ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಈ ಕಾಯ್ದೆಗಳಾಗಲಿ, ನಿಮ್ಮ ನಿಯಮವಾಗಲಿ ಮುಟ್ಟುತ್ತಿದ್ದದ್ದು ಸ್ವಸ್ಥ ಬುದ್ಧಿಯಿಂದ, ಗೊತ್ತಿದ್ದೂ ಪ್ರಾಣ ಕಳೆದುಕೊಂಡವರನ್ನು ಮಾತ್ರ. ಮನಸ್ಸಿನ ಸ್ಥಿಮಿತ ತಪ್ಪಿತ್ತು ಅಂತ ತೀರ್ಪು ಬಂದರೆ ಅವು ಅನ್ವಯಿಸುತ್ತಿರಲಿಲ್ಲ.

ಜೋನ್ಸ್ ಬಗ್ಗೆ ಬಂದ ತೀರ್ಪು ಏನು? ಬುದ್ಧಿ ಸ್ಥಿಮಿತದಲ್ಲಿ ಇಲ್ಲದಿದ್ದಾಗ ಆದ ಆತ್ಮಹತ್ಯೆ ಅಂತ.

ಅಂದಮೇಲೆ ಯಾವ ಕಾನೂನು ಆತನನ್ನು ಗೇಟಿನಲ್ಲಿ ತಡೆಯಿತು? ದೇಶದ ಕಾನೂನು ತಡೆಯಲಿಲ್ಲ. ಚರ್ಚಿನ ನಿಯಮವೂ ತಡೆಯಲಿಲ್ಲ. ತಡೆದದ್ದು ಜನ ಏನಂದಾರು ಅನ್ನುವ ಭಯ, ಅಷ್ಟೇ ಅಲ್ವಾ? ಆ ಭಯಕ್ಕೆ ಧರ್ಮದ ಬಟ್ಟೆ ತೊಡಿಸಿದರು. ಹೆಂಡತಿ, ಐದು ಮಕ್ಕಳು ನೋಡುತ್ತಿರುವಾಗ ಪೆಟ್ಟಿಗೆಯನ್ನು ಗೋಡೆ ಮೇಲೆ ಎತ್ತಿದವರ ಕೈ ಸೋತಿರಬೇಕು. ಹೆಣದ ಪೆಟ್ಟಿಗೆ ಹಗುರ ಇರುವುದಿಲ್ಲ. ಗೋಡೆಯ ಈ ಕಡೆ ನಾಲ್ಕು ಜನ ಎತ್ತಿಕೊಡಬೇಕು, ಆ ಕಡೆ ನಾಲ್ಕು ಜನ ಇಳಿಸಿಕೊಳ್ಳಬೇಕು. ಅಷ್ಟು ಕಷ್ಟಪಟ್ಟು ಅವಮಾನ ಮಾಡುವ ಬದಲು ಸುಮ್ನೆ ಗೇಟು ತೆಗೆದಿದ್ದರೆ ಆಗುತ್ತಿತ್ತು.

ವಿಕ್ಟೋರಿಯಾ ಕ್ರಾಸ್ ವಿಷಯದಲ್ಲಿ ನಿಮ್ಮ ರಾಜ ಐದನೇ ಜಾರ್ಜ್ 1920ರಲ್ಲಿ ಒಂದು ಮಾತು ತಿಳಿಸಿದ್ದರು. ಪದಕ ಪಡೆದವನು ಆಮೇಲೆ ಏನೇ ಅಪರಾಧ ಮಾಡಲಿ, ಕೊಲೆ ಮಾಡಿ ಗಲ್ಲಿಗೇರಿದರೂ ಸರಿ, ಅಲ್ಲಿಯೂ ಪದಕ ತೊಡಲು ಬಿಡಬೇಕು ಅಂತ. ಕೊಲೆಗಾರನಿಗೂ ಸಿಗಬೇಕಾದ ಮರ್ಯಾದೆ ಕಾಯಿಲೆ ಬಿದ್ದವನಿಗೆ ಸಿಗಲಿಲ್ಲ.

ಚರ್ಚ್ ಬದಲಾಗಿಲ್ಲ ಅಂತ ನಾನು ಹೇಳುವುದಿಲ್ಲ. 1953ರಲ್ಲಿ ಲಂಡನ್ನಿನಲ್ಲಿ ಸಮಾರಿಟನ್ಸ್ ಸಹಾಯವಾಣಿ ಶುರು ಮಾಡಿದ ಚಾಡ್ ವಾರಾ ನಿಮ್ಮದೇ ಚರ್ಚಿನ ಪಾದ್ರಿ. ಎಳೆ ವಯಸ್ಸಿನಲ್ಲೇ ಪ್ರಾಣ ಕಳೆದುಕೊಂಡ ಒಬ್ಬ ಹುಡುಗಿಯ ಅಂತ್ಯಕ್ರಿಯೆ ನಡೆಸಿದ ದಿನದಿಂದ ಅವರ ತಲೆಯಲ್ಲಿ ಅದೇ ಕೊರೆಯುತ್ತಿತ್ತು. 1961ರಲ್ಲಿ ಈ ದೇಶದ ಕಾನೂನು ಆತ್ಮಹತ್ಯೆಯನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಹಳೆಯ ಅಂತ್ಯಕ್ರಿಯೆ ನಿಯಮ ಬದಲಿಸಲು ನಿಮ್ಮ ಚರ್ಚಿನ ನಿಯಮ ಮಾಡುವ ಸಭೆ ಸಿನಾಡ್ 2017ರಲ್ಲಿ ಮತ ಹಾಕಿತು. ತುಂಬಾ ತಡವಾಯಿತು, ಆದರೂ ಮಾಡಿದಿರಿ. ಪುಸ್ತಕದಲ್ಲಿ ಬದಲಾದದ್ದು ಆ ಕಲ್ಲಿನ ಹತ್ತಿರವೂ ಕಾಣಲಿ ಅನ್ನುವುದೇ ನನ್ನ ಕೋರಿಕೆ.

ಏನು ಮಾಡಬೇಕು ಅಂತ ಕೇಳಿದರೆ, ಮೊದಲಿಗೆ ಆ ಕಲ್ಲನ್ನು ದಯವಿಟ್ಟು ತಿರುಗಿಸಬೇಡಿ. ತಿರುಗಿಸಿ ಸರಿ ಮಾಡಿ ಅಂತ ಹೇಳುವವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ತಿರುಗಿಸಿದರೆ ನಾಳೆ ಬಂದವರಿಗೆ ಅದು ಎಲ್ಲದರಂಥ ಇನ್ನೊಂದು ಕಲ್ಲು, ನಡೆದದ್ದು ಯಾರಿಗೂ ತಿಳಿಯದೆ ಹೋಗುತ್ತದೆ. ಅದು ಹಾಗೇ ಇರಲಿ. ಅದರ ಬದಲು ಗೇಟಿನ ಪಕ್ಕ, ಒಳಗೆ ಬರುವ ಎಲ್ಲರಿಗೂ ಕಾಣುವ ಹಾಗೆ ಒಂದು ಫಲಕ ಹಾಕಿ. ಶೌರ್ಯದ ವರ್ಣನೆ ಅದರಲ್ಲಿ ಕಮ್ಮಿ ಇದ್ದರೂ ನಡೆಯುತ್ತದೆ. ಈ ಮನುಷ್ಯ ಕಾಯಿಲೆಯಿಂದ ಸತ್ತ, ತೀರ್ಪು ಕೂಡ ಹಾಗೇ ಹೇಳಿತ್ತು, ಗೇಟಿನಿಂದ ಬರಲು ಆತನಿಗೆ ಹಕ್ಕಿತ್ತು, ಆತನನ್ನು ಗೋಡೆ ದಾಟಿಸಿದ್ದು ತಪ್ಪು ಅಂತ ಚರ್ಚ್ ತನ್ನ ಹೆಸರಿನಲ್ಲೇ ಹೇಳಲಿ. ಹಾಗಂತೆ ಹೀಗಂತೆ ಅನ್ನುವ ಊರ ಮಾತಿಗೆ ಬಿಡಬೇಡಿ. ಫಲಕದ ಕೆಳಗೆ ಸಮಾರಿಟನ್ಸ್ ನಂಬರ್ 116 123 ಇರಲಿ, ಈಗಲೇ ಬೇಕಾಗಿರುವ ಯಾರೋ ಒಬ್ಬರು ಓದಬಹುದು. ಆ ಬಾಗಿಲಲ್ಲಿ ಸತ್ತ ಜುಲು ಯೋಧರ ಬಗ್ಗೆಯೂ ಒಂದು ಸಾಲು ಇರಲಿ.

ಅಂಥ ಹಳೆಯ ಜಾಗದಲ್ಲಿ ಹೊಸದೇನೂ ಸೇರಿಸುವಂತಿಲ್ಲ ಅಂತ ಮಾತ್ರ ಹೇಳಬೇಡಿ. ಅದೇ ಚರ್ಚಿನ ಕಲ್ಲಿನ ಚೂಪು ಗೋಪುರ ಶಿಥಿಲವಾಗಿ ಇಳಿಸಿದ ಮೇಲೆ 1972ರಲ್ಲಿ ಫೈಬರ್‌ಗ್ಲಾಸ್ ಗೋಪುರ ಕೂರಿಸಿದ್ದೀರಿ. ನಾರ್ಮನ್ ಕಾಲದ ಕಟ್ಟಡದ ನೆತ್ತಿಯ ಮೇಲೆ ಅಷ್ಟು ದೊಡ್ಡ ಫೈಬರ್‌ಗ್ಲಾಸ್ ಕೂರುವುದಾದರೆ ಗೇಟಿನ ಬದಿಯಲ್ಲಿ ಎರಡಡಿ ಫಲಕಕ್ಕೆ ಜಾಗ ಇದ್ದೇ ಇರುತ್ತದೆ.

ಎರಡನೆಯದು, ಸೆಪ್ಟೆಂಬರ್ 6ರಂದು ಒಂದು ವರ್ಷವಾದರೂ ಪೂರ್ತಿ ಅಂತ್ಯಕ್ರಿಯೆಯ ಪ್ರಾರ್ಥನೆ ಗೇಟಿನ ಹೊರಗಿಂದ ಶುರುವಾಗಿ ಒಳಗೆ ಬರಲಿ. ಆತನ ವಂಶದವರು ಬೇಡ ಅಂದರೆ ಬೇಡ, ಮೊದಲು ಅವರನ್ನು ಕೇಳಿ.

ಮೂರನೆಯದು ನನಗೆ ಇವೆಲ್ಲಕ್ಕಿಂತ ದೊಡ್ಡದು. ಜೋನ್ಸ್ ಹತ್ತಿರ ವಿಕ್ಟೋರಿಯಾ ಕ್ರಾಸ್ ಇತ್ತು, ಅದಕ್ಕೇ ಇಷ್ಟು ವರ್ಷ ಆದಮೇಲೂ ಆತನ ಕಲ್ಲಿನ ಬಗ್ಗೆ ಮಾತಾಡುತ್ತಿದ್ದೇವೆ. ಪದಕ ಇದ್ದವನಿಗೇ ಗೋಡೆಯಾದರೆ, ಪದಕ ಇಲ್ಲದ ಹೊಲದ ಕೂಲಿಯವನಿಗೆ, ಮನೆಗೆಲಸದ ಹುಡುಗಿಗೆ ಏನು ಮಾಡಿರಬೇಡ? ಊರೂರಿನ ಚರ್ಚುಗಳಲ್ಲಿ ಹೂಳಿದವರ ಹಳೆಯ ರಿಜಿಸ್ಟರ್‌ಗಳಿರುತ್ತವೆ. ಅವನ್ನು ತೆಗೆಸಿ ನೋಡಿಸಿ. ಪ್ರಾರ್ಥನೆ ಇಲ್ಲದೆ, ಮೂಲೆಯಲ್ಲಿ, ಕತ್ತಲಲ್ಲಿ ಹೂಳಿದವರ ಹೆಸರುಗಳನ್ನು ಅವರವರ ಚರ್ಚಿನಲ್ಲಿ ಒಂದು ಸಲ ಜೋರಾಗಿ ಓದಿಸಿ. ಇದಕ್ಕೆ ದುಡ್ಡು ಬೇಕಿಲ್ಲ.

ಇನ್ನು ನಮ್ಮವರಿಗೆ ಎರಡು ಮಾತು. ಇಂಗ್ಲಿಷರು ಹೀಗೆ ಅಂತ ಬೈದು ಮುಗಿಸುವ ಹಾಗಿಲ್ಲ. ನಮ್ಮ ಮನೆಗಳಲ್ಲಿ ಯಾರಾದರೂ ಹೀಗೆ ಪ್ರಾಣ ಕಳೆದುಕೊಂಡರೆ ಏನು ಮಾಡುತ್ತೇವೆ? ಹಾರ್ಟ್ ಅಟ್ಯಾಕ್ ಅಂತ ನೆಂಟರಿಗೆ ಹೇಳುತ್ತೇವೆ. ದುರ್ಮರಣ ಅಂತ ಕರ್ಮ ಮಾಡಿಸಲು ಹಿಂದೆ ಮುಂದೆ ನೋಡುತ್ತೇವೆ. ಆಮೇಲೆ ಗೋಡೆ ಮೇಲಿನ ಫೋಟೋ ಕೂಡ ಒಳಕೋಣೆಗೆ ಹೋಗುತ್ತದೆ, ಮಕ್ಕಳ ಮುಂದೆ ಆ ಹೆಸರು ಎತ್ತುವಂತಿಲ್ಲ. ನಮ್ಮಲ್ಲಿ ಪ್ರಯತ್ನ ಮಾಡಿ ಬದುಕಿ ಉಳಿದವರ ಮೇಲೂ ಭಾರತೀಯ ದಂಡ ಸಂಹಿತೆಯ 309ನೇ ಸೆಕ್ಷನ್ ಹಾಕಿ ಕೇಸು ಮಾಡುತ್ತಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದು, ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷಿಸಬಾರದು ಅಂದಿತು. 2024ರ ಜುಲೈನಲ್ಲಿ ಹೊಸ ನ್ಯಾಯ ಸಂಹಿತೆ ಜಾರಿಯಾದಾಗ ಆ ಸೆಕ್ಷನ್ ಹೋಯಿತು. ಕಾನೂನು ಬಿಟ್ಟರೂ ನಾವು ಬಿಟ್ಟಿಲ್ಲ. ನಮ್ಮ ಹಳ್ಳಿಗಳ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ಮೇಲೆ ಸ್ವರ್ಗ ಕೆತ್ತಿರುತ್ತಾರೆ. ಕಾಳಗ ಮುಗಿದು ಮನೆಗೆ ಬಂದು ಇಪ್ಪತ್ತು ವರ್ಷ ನಿದ್ದೆ ಬಾರದೆ ನರಳಿದವನಿಗೆ ಅದರಲ್ಲಿ ಜಾಗ ಇಲ್ಲ. ಊರಲ್ಲಿರುವ ಯಾರಿಗಾದರೂ ಬೇಕಾದರೆ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೂ ಮಾತಾಡುತ್ತಾರೆ.

ಬಿಷಪ್ ಅವರೇ, ಫಲಕದ ಖರ್ಚಿನ ಚಿಂತೆ ಇದ್ದರೆ ತಿಳಿಸಿ. ನನ್ನ ಪಾಲು ಕೊಡುತ್ತೇನೆ, ಈ ಕಡೆಯ ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಕನ್ನಡದವರನ್ನೂ ಕೇಳುತ್ತೇನೆ. ಆದರೆ ಫಲಕದ ಮೇಲೆ ದಾನಿಗಳ ಹೆಸರು ಬೇಡ, ಚರ್ಚಿನ ಹೆಸರೇ ಇರಬೇಕು. ಆಗುತ್ತದೋ ಇಲ್ಲವೋ ಅಂತ ಮುಂದಿನ ಸೆಪ್ಟೆಂಬರ್ 6ರ ಒಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಆಗುವುದಿಲ್ಲ ಅನ್ನುವುದಾದರೆ ಕಾರಣವನ್ನೂ ಬರೆಯಿರಿ, ಅದನ್ನೂ ಇಲ್ಲೇ ಹಾಕುತ್ತೇನೆ.

ಇಂತಿ,
ಹೆರೆಫರ್ಡ್‌ಶೈರ್‌ನಲ್ಲಿರುವ ಕರ್ನಾಟಕದ ಒಬ್ಬ ನರ್ಸ್